ಸಾವಿಗೆ ಮುಂಚಿನ ಪೊಟೀಟ್ಸ

ಪೈಕ್ ಹಿಲ್‌ನಲ್ಲಿ ಯಾರಾದರೂ ಚೀಲಗಟ್ಟಲೆ ಅಕ್ರೋಟು ಕೊಂಡರೆ ಅದಕ್ಕೆ ಕಾರಣ ಕ್ರಿಸ್‌ಮಸ್ ಆಗಿರಬೇಕು, ಮದುವೆ ಆಗಿರಬೇಕು, ಇಲ್ಲವೇ ಸಾವಾಗಿರಬೇಕು. ಬೇರೆ ಕಾರಣ ಆ ಊರಿಗೆ ಗೊತ್ತಿಲ್ಲ. ಅಕ್ರೋಟು ಎಂದರೆ ಅಲ್ಲಿ ಪೊಟೀಟ್ಸ. ಹಿಟ್ಟನ್ನು ಮೇಜಿನ ತುಂಬ, ಕೆಳಗೆ ಹಾಸಿದ ಬಟ್ಟೆಯ ಹೂವು ಕಾಣುವಷ್ಟು ತೆಳ್ಳಗೆ ಎಳೆದು, ಮೇಲೆ ಅಕ್ರೋಟು, ಜೇನು, ಬೆಣ್ಣೆ ಕಲಸಿ ಬಳಿದು, ಚಾಪೆ ಸುತ್ತಿದ ಹಾಗೆ ಸುತ್ತಿ ಬೇಯಿಸುವ ರೊಟ್ಟಿ ಅದು. ಕಬ್ಬಿಣದ ಗಣಿಯ ಕೂಲಿಗೆಂದು ಬಂದ ಸ್ಲೊವೇನಿಯಾದ ಗಂಡಸರ ಹಿಂದೆ ಬಂದ ಹೆಂಗಸರು ಮಿನೆಸೊಟಾದ ಈ ಚಳಿಗೆ ಕಟ್ಟಿಕೊಂಡು ಬಂದ ಆಸ್ತಿ ಅಷ್ಟೇ. ಇಡೀ ದಿನದ ಕೆಲಸ, ರಟ್ಟೆ ಬಿದ್ದುಹೋಗುತ್ತದೆ. ಬಾಯಿ ಚಪಲಕ್ಕೆ ಅದನ್ನು ಯಾರೂ ಮಾಡುವುದಿಲ್ಲ.

ಹಾಗಿರುವಾಗ, ಇನ್ನೂ ಎಲೆ ಪೂರ್ತಿ ಕೆಂಪಾಗದ ಸೆಪ್ಟೆಂಬರಿನಲ್ಲಿ, ಬರ್ನಡೀನ್ ಪ್ರೆಬಿಲ್ ಸಹಕಾರಿ ಅಂಗಡಿಯ ಕೌಂಟರಿನ ಮೇಲೆ ಅಕ್ರೋಟಿನ ಚೀಲಗಳನ್ನು ಒಂದರ ಮೇಲೊಂದು ಇಟ್ಟಳು. ಎಪ್ಪತ್ತು ಸಮೀಪಿಸಿದ ವಿಧವೆ, ಹೈಸ್ಕೂಲಿನ ಅಡುಗೆಮನೆಯಲ್ಲಿ ದುಡಿದು ನಿವೃತ್ತಳಾದವಳು. ಈಗ ಚರ್ಚಿನ ಅಡುಗೆಮನೆ ಅವಳದೇ ರಾಜ್ಯ. ಊರಲ್ಲಿ ಯಾರು ಸತ್ತರೂ ಮಣ್ಣು ಮುಗಿಸಿ ಬಂದವರಿಗೆ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ, ಮಾಂಸದ ಸ್ಯಾಂಡ್‌ವಿಚ್, ಪೊಟೀಟ್ಸ ಬಡಿಸುವುದು ಅವಳ ಯಜಮಾನಿಕೆಯಲ್ಲಿ.

ಕೌಂಟರಿನಲ್ಲಿದ್ದ ಐಲಿ ಕಣ್ಣರಳಿಸಿದಳು. "ಯಾರ ಮದುವೆ, ಬರ್ನಡೀನ್ ಆಂಟಿ?"

"ಯಾರದ್ದೂ ಇಲ್ಲ."

"ಮತ್ತೆ ಇಷ್ಟೊಂದು?"

"ಬೇಕಾಗುತ್ತೆ" ಎಂದಳು ಬರ್ನಡೀನ್.

ಏನಾದರೊಂದು ಸುಳ್ಳು ಹೇಳಬಹುದಿತ್ತು. ಡುಲುತ್‌ನಲ್ಲಿರುವ ತಂಗಿಯ ಮೊಮ್ಮಗಳಿಗೆ ಗಂಡು ಗೊತ್ತಾಯಿತು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ, ಅದೂ ಒಂದು ದೊಡ್ಡಸ್ತಿಕೆ ಅವಳಿಗೆ. ಆಡಬಾರದ್ದನ್ನು ಬಾಯಲ್ಲಿ ಆಡಲಿಲ್ಲವಲ್ಲ, ಅಷ್ಟು ಸಾಕು ಎಂದು ಸಮಾಧಾನದಿಂದ ಚೀಲಗಳನ್ನು ಕಾರಿಗೆ ತುಂಬಿದಳು. ಅವಳ ಬೆನ್ನು ತಿರುಗುವಷ್ಟರಲ್ಲಿ ಐಲಿ ಊರಿನಲ್ಲಿ ಕಾಯಿಲೆ ಬಿದ್ದವರನ್ನೆಲ್ಲ ಮನಸ್ಸಿನಲ್ಲೇ ನೆನೆಯತೊಡಗಿದ್ದಳು. ಅವರಲ್ಲಿ ಯಾರಿಗೂ ಅಷ್ಟು ಅಕ್ರೋಟಿನ ಯೋಗ್ಯತೆ ಇರಲಿಲ್ಲ.

ಅಷ್ಟು ಅಕ್ರೋಟಿನ ಸಾವು ಆ ಊರಿನಲ್ಲಿ ಒಬ್ಬನದೇ. ಸೆನೆಟರ್ ರೂಡಿ ಮ್ಲಾಕರ್.

ರೂಡಿ ಪೈಕ್ ಹಿಲ್‌ನವನೇ. ಅವನಪ್ಪ ಗಣಿಯಲ್ಲಿ ಸಿಡಿಮದ್ದಿನವನು. ಅವನ ಹೆಂಡತಿ ವೆರಾ ಮತ್ತು ಬರ್ನಡೀನ್ ಒಂದೇ ಬೀದಿಯಲ್ಲಿ ಆಡಿ, ಒಂದೇ ಬೆಂಚಿನಲ್ಲಿ ಕೂತು ಬೆಳೆದವರು. ಪೊಟೀಟ್ಸದ ಹಿಟ್ಟನ್ನು ಎಳೆಯುವುದಕ್ಕೆ ಮೇಜಿನ ಎರಡೂ ಕಡೆ ಒಬ್ಬೊಬ್ಬರು ಬೇಕು. ಇಬ್ಬರ ಕೈಯೂ ಒಂದೇ ಹದದಲ್ಲಿ ನಡೆಯದಿದ್ದರೆ ಹಿಟ್ಟು ಹರಿಯುತ್ತದೆ. ಹುಡುಗಿಯರಾಗಿದ್ದಾಗಿನಿಂದ ಮೇಜಿನ ಆ ಕಡೆ ವೆರಾ, ಈ ಕಡೆ ಬರ್ನಡೀನ್. ಗಂಡ ವಾಷಿಂಗ್ಟನ್ ಸೇರಿದ ಮೇಲೂ ಡಿಸೆಂಬರ್ ಬಂತೆಂದರೆ ವೆರಾ ಉಂಗುರಗಳನ್ನು ಬಿಚ್ಚಿಟ್ಟು, ತೋಳು ಮಡಚಿ ತನ್ನ ಕಡೆ ಬಂದು ನಿಲ್ಲುತ್ತಿದ್ದಳು.

ಆ ವೆರಾ ಆಗಸ್ಟಿನ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ಕಾರಿನೊಳಗೆ ಕೂತು, ಕಿಟಕಿ ಗಾಜು ಏರಿಸಿ ಹೇಳಿದ್ದಳು.

"ರೂಡಿಗೆ ಹೊಟ್ಟೆಯಲ್ಲಿ ಗಡ್ಡೆ. ಕ್ರಿಸ್‌ಮಸ್ ನೋಡೋದು ಅನುಮಾನ ಅಂದಿದ್ದಾರೆ. ಯಾರಿಗೂ ಗೊತ್ತಾಗ್ಬಾರ್ದು ಬರ್ನಿ. ನವೆಂಬರಲ್ಲಿ ಪಿಂಚಣಿ ಮಸೂದೆ ಮತಕ್ಕೆ ಬರುತ್ತೆ. ಅಲ್ಲೀವರೆಗೂ ಗಟ್ಟಿಯಾಗಿದಾನೆ ಅಂತ್ಲೇ ಎಲ್ಲರೂ ತಿಳ್ಕೋಬೇಕು. ಸಾಯೋನ ಮಾತಿಗೆ ಆ ಸಭೇಲಿ ಮೂರು ಕಾಸಿನ ಬೆಲೆ ಇಲ್ಲ."

"ನನ್ನ ಬಾಯಿಂದ ಒಂದಕ್ಷರ ಹೊರಡಲ್ಲ ಕಣೇ."

"ಗೊತ್ತು. ಅದಕ್ಕೇ ನಿನಗೆ ಹೇಳ್ದೆ. ಮಕ್ಕಳಿಗೇ ಇನ್ನೂ ಹೇಳಿಲ್ಲ."

ಪಿಂಚಣಿಯ ವಿಷಯ ಬರ್ನಡೀನಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಳೆಯ ಗಣಿ ಕಂಪನಿ ದಿವಾಳಿ ಎದ್ದು, ಜೀವಮಾನವೆಲ್ಲ ಕೆಂಪು ಧೂಳು ಕುಡಿದವರ ಪಿಂಚಣಿ ಅರ್ಧಕ್ಕೆ ಇಳಿದಿತ್ತು. ಅವಳ ಗಂಡ ಫ್ರಾಂಕನ ಜೊತೆ ಲಾರಿ ಓಡಿಸುತ್ತಿದ್ದ ಎಡ್ ಮರಿನ್ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಶಾಲೆಯ ಹಿಮ ಎತ್ತಿಹಾಕುವ ಕೆಲಸಕ್ಕೆ ಹೋಗುತ್ತಿದ್ದ. ಪೂರ್ತಿ ಪಿಂಚಣಿ ಮತ್ತೆ ಕೊಡಿಸುವ ಮಸೂದೆಯನ್ನು ರೂಡಿ ವರ್ಷಗಟ್ಟಲೆ ಒಬ್ಬೊಬ್ಬರ ಕುತ್ತಿಗೆ ಹಿಡಿದು ಇಲ್ಲಿಯವರೆಗೆ ಎಳೆದು ತಂದಿದ್ದ.

ಹಾಗಾದರೆ ಅಕ್ರೋಟು ಏಕೆ ಕೊಂಡಳು? ಅದಕ್ಕೆ ಫ್ರಾಂಕನ ಸಾವಿಗೆ ಹೋಗಬೇಕು. ಅವನ ಮಣ್ಣಿನ ದಿನ ಅವಳು ಅಡುಗೆಮನೆಯಲ್ಲಿರುವಂತಿರಲಿಲ್ಲ, ಕರಿ ಬಟ್ಟೆ ಉಟ್ಟು ಮುಂದೆ ಕೂತಿದ್ದಳು. ಉಳಿದ ಹೆಂಗಸರ ಅಂದಾಜು ತಪ್ಪಿ ಪೊಟೀಟ್ಸ ಅರ್ಧಕ್ಕೇ ಮುಗಿದುಹೋಯಿತು. ಹಿಂದೆ ಬಂದವರಿಗೆ ಅಂಗಡಿಯ ಬಿಸ್ಕತ್ತು ಇಟ್ಟರು. ಫ್ರಾಂಕನ ಜೊತೆಗಾರರು ಕಾಗದದ ತಟ್ಟೆಯಲ್ಲಿ ಆ ಬಿಸ್ಕತ್ತು ಹಿಡಿದು ನಿಂತದ್ದನ್ನು ನೋಡಿ ಅವಳಿಗೆ ನೆಲ ಬಾಯಿಬಿಟ್ಟರೆ ಸಾಕು ಅನ್ನಿಸಿತ್ತು. ರೂಡಿಯ ಸಾವಿಗೆ ರಾಜ್ಯವೇ ಬರುತ್ತದೆ. ಅಂಥ ದಿನ ಪೈಕ್ ಹಿಲ್‌ನ ಮರ್ಯಾದೆ ಹೋಗಬಾರದು. ಪೊಟೀಟ್ಸ ಫ್ರೀಜರಿನಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಈಗಿನಿಂದಲೇ ಸ್ವಲ್ಪ ಸ್ವಲ್ಪ ಮಾಡಿಟ್ಟರೆ ತಪ್ಪೇನು ಅಂದುಕೊಂಡಳು. ಮೇಜಿನ ಆ ಕಡೆ ಯಾರೂ ಇಲ್ಲದ್ದರಿಂದ ಸುತ್ತ ಓಡಾಡಿ ಒಬ್ಬಳೇ ಎಳೆದಳು. ಬದುಕಿರುವ ಮನುಷ್ಯನ ತಿಥಿಗೆ ಅಡುಗೆ ಮಾಡುತ್ತಿದ್ದೇನೆ ಅಂತ ಒಮ್ಮೆಯೂ ಅನ್ನಿಸಲಿಲ್ಲವೇ ಇವಳಿಗೆ? ಅನ್ನಿಸಲಿಲ್ಲ. ಕೆಲಸದಲ್ಲಿ ಮುಳುಗಿದವರಿಗೆ ಅದೊಂದು ಸುಖ.

ಅಕ್ಟೋಬರ್ ಬಂತು. ಅಕ್ರೋಟಿನ ಸುದ್ದಿ ಐಲಿಯ ಕೌಂಟರಿನಿಂದ ಊರು ದಾಟಿ ಹೋಗಿತ್ತು, ಅದರ ಬೆನ್ನಿಗೇ ಜನ ಬರತೊಡಗಿದರು.

ಮೊದಲು ಬಂದವನು ರಾಜ್ಯ ಶಾಸನಸಭೆಯ ಕರ್ಟ್ ಲಿಂಡಾಲ್. ಕೆರೆಯಲ್ಲಿ ತಾನೇ ಹಿಡಿದದ್ದೆಂದು ಮೀನಿನ ಪೊಟ್ಟಣ ಹಿಡಿದುಕೊಂಡು ಹಿತ್ತಲ ಬಾಗಿಲಿಗೇ ಬಂದ. ಇಪ್ಪತ್ತು ವರ್ಷದಲ್ಲಿ ಅವನು ಇವಳ ಮನೆಯ ಮೆಟ್ಟಿಲು ತುಳಿದವನಲ್ಲ. ಕೂತು ಕಾಫಿ ಕುಡಿಯುತ್ತ ರೂಡಿಯನ್ನು ಹೊಗಳಿದ. "ಎಂಥಾ ಮನುಷ್ಯ ಅವರು. ಈ ನಾಡಿಗೆ ಏನೆಲ್ಲಾ ಮಾಡಿದ್ರು" ಎಂದ. ಮಾಡಿದ್ದರು, ಹೇಳಿದ್ದರು, ಇದ್ದರು. ಬದುಕಿರುವವನನ್ನು ಬಾಯಲ್ಲೇ ಮಣ್ಣು ಮಾಡುವ ಈ ವಿದ್ಯೆ ರಾಜಕಾರಣಿಗಳಿಗೆ ಯಾರು ಕಲಿಸುತ್ತಾರೋ. ಹೊರಡುವಾಗ ಬಾಗಿಲಲ್ಲಿ ನಿಂತು ದನಿ ತಗ್ಗಿಸಿದ. "ನಾನಂತೂ ಯಾವುದಕ್ಕೂ ಆಸೆ ಪಟ್ಟೋನಲ್ಲ ಬರ್ನಡೀನ್. ಆದ್ರೆ ಜನ ಬಲವಂತ ಮಾಡಿದ್ರೆ ಇಲ್ಲ ಅನ್ನೋಕೂ ಆಗಲ್ಲ, ಅಲ್ವಾ?"

ಯಾರೂ ಆ ಮಾತನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೆನೆಟರ್ ಸತ್ತರೆ ಗವರ್ನರು ಯಾರನ್ನೋ ತಾತ್ಕಾಲಿಕವಾಗಿ ಕೂರಿಸುತ್ತಾರೆ, ಆಮೇಲೆ ವಿಶೇಷ ಚುನಾವಣೆ. ಆರು ವರ್ಷಕ್ಕೊಮ್ಮೆ ತೆರೆಯುವ ಬಾಗಿಲು ಅವಧಿಗೆ ಮುಂಚೆಯೇ ಕಿರ್ರೆಂದರೆ ಎಲ್ಲರ ಕಿವಿಯೂ ನೆಟ್ಟಗಾಗುತ್ತದೆ. ಆದರೆ ಮೊದಲು ಓಡಿದವನು ಹದ್ದು ಅನ್ನಿಸಿಕೊಳ್ಳುತ್ತಾನೆ, ತಡಮಾಡಿದವನಿಗೆ ಜಾಗವಿಲ್ಲ. ಆದ್ದರಿಂದ ಎಲ್ಲರೂ ನಿಂತಲ್ಲೇ ನಿಂತು ಒಂದೊಂದೇ ಗೇಣು ಮುಂದೆ ಜರುಗುತ್ತಾರೆ.

ಎರಡನೆಯವಳು ಪೇಜ್ ಹ್ರೊವಾಟ್, ಮಿನಿಯಾಪೊಲಿಸ್‌ನ ವಕೀಲೆ, ನಲವತ್ತರ ಆಸುಪಾಸು. ಅವಳ ಅಜ್ಜಿ ಈ ಕಡೆಯವಳಂತೆ. ಬಾಗಿಲಲ್ಲಿ ನಿಂತೇ, "ತೇತಾ ಬರ್ನಡೀನ್" ಎಂದಳು. ತೇತಾ ಎಂದರೆ ಚಿಕ್ಕಮ್ಮ. ಫ್ರಾಂಕನ ಅಣ್ಣನ ಮಕ್ಕಳು ಚಿಕ್ಕವರಿದ್ದಾಗ ಹಾಗೆ ಕರೆಯುತ್ತಿದ್ದರು, ಅವರೆಲ್ಲ ಊರು ಬಿಟ್ಟ ಮೇಲೆ ಆ ಹೆಸರಿನಿಂದ ಅವಳನ್ನು ಯಾರೂ ಕರೆದಿರಲಿಲ್ಲ. ಬರ್ನಡೀನ್ ಅಲ್ಲೇ ಕರಗಿದಳು.

"ಅಜ್ಜಿ ಪೊಟೀಟ್ಸ ಮಾಡೋದನ್ನ ನೋಡಿದ್ದೆ ತೇತಾ, ಕಲೀಲಿಲ್ಲ. ಈ ಕಡೆ ಕೇಳಿದ್ರೆ ಎಲ್ಲರೂ ನಿಮ್ಮ ಹೆಸರೇ ಹೇಳ್ತಾರೆ. ಒಂದ್ಸಲ ಕಲಿಸಿಕೊಡ್ತೀರಾ?"

"ಉಂಗುರ ಬಿಚ್ಚಿಡು. ಉಗುರು ತಾಗಿಸ್ಬೇಡ. ಆ ಕಡೆ ನಿಂತ್ಕೋ."

ಪೇಜ್ ಆ ಕಡೆ ನಿಂತಳು. ಎರಡು ಸಲ ಹಿಟ್ಟು ಹರಿದಳು, ನಕ್ಕಳು, ಕ್ಷಮೆ ಕೇಳಿದಳು, ಮತ್ತೆ ಹಿಡಿದಳು. ಅವಳ ಜೊತೆ ಬಂದಿದ್ದವನು ಫೋಟೋ ತೆಗೆಯುತ್ತಿದ್ದ. ಬರ್ನಡೀನ್ ಬೇಡವೆನ್ನಲಿಲ್ಲ. ಬೇಡವೆನ್ನುವುದಿರಲಿ, ಏಪ್ರನ್ ಬದಲಾಯಿಸಿಕೊಂಡು ಬಂದಳು. ಹಿಂದಿನ ವಾರವಿಡೀ ಬೇಯಿಸಿ ಆರಲು ಇಟ್ಟಿದ್ದ ಪೊಟೀಟ್ಸ ಕಪಾಟಿನ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಕೂತುಕೊಳ್ಳುವ ಬೆಂಚಿನ ಮೇಲೆ ಸಾಲಾಗಿತ್ತು.

"ಅಬ್ಬಾ, ಎಷ್ಟಿದೆ ಇದು?" ಎಂದು ಪೇಜ್ ಸಹಜವಾಗಿ ಕೇಳಿದಳು, ಅಥವಾ ಸಹಜವೆಂಬಂತೆ.

"ಇದೇನು ನೋಡ್ತೀಯ, ಫ್ರೀಜರಿನಲ್ಲಿರೋದೂ ಸೇರಿದ್ರೆ ನೂರು ದಾಟುತ್ತೆ. ಈ ಸಲ ಕಡಿಮೆ ಬೀಳೋ ಮಾತೇ ಇಲ್ಲ."

ಈ ಸಲ. ಆ ಎರಡು ಪದ ಬಾಯಿಂದ ಬಿದ್ದಾಗ ಪೇಜಳ ಕೈ ಹಿಟ್ಟಿನ ಮೇಲೆ ಒಂದು ಕ್ಷಣ ನಿಂತಿತು. ಬರ್ನಡೀನ್ ಅದನ್ನು ನೋಡಿದಳು. ನೋಡಿಯೂ, ಸೆನೆಟ್ಟಿಗೆ ಹೋಗಲಿರುವ ಹೆಂಗಸೊಬ್ಬಳು ತನ್ನ ಅಡುಗೆಮನೆಯಲ್ಲಿ ತನ್ನ ಮಾತಿಗೆ ಕಿವಿಗೊಟ್ಟು ನಿಂತಿದ್ದಾಳೆ ಎಂಬ ಉಬ್ಬಿನಲ್ಲಿ, ಇನ್ನೊಂದು ಕಪ್ ಕಾಫಿ ಬಗ್ಗಿಸಿದಳು.

ಸಂಜೆಯೊಳಗೆ ಫೋಟೋ ಎಲ್ಲರ ಮೊಬೈಲಿನಲ್ಲಿತ್ತು. ಕೆಳಗೆ, 'ನನ್ನ ತೇತಾಳಿಂದ ಪೊಟೀಟ್ಸ ಪಾಠ' ಎಂದು ಬರೆದಿತ್ತು. ಸೆನೆಟರ ಬಗ್ಗೆ ಒಂದಕ್ಷರವಿಲ್ಲ. ಬೇರೆ ಊರಿನವರಿಗೆ ಅದು ಹಿಟ್ಟು ಮೆತ್ತಿದ ಇಬ್ಬರು ಹೆಂಗಸರ ಚಿತ್ರ. ಗಣಿ ನಾಡಿನವರು ಮಾತ್ರ ಹೆಂಗಸರನ್ನು ಬಿಟ್ಟು ಹಿಂದಿನ ಕಪಾಟು ನೋಡಿದರು. ಅಕ್ಟೋಬರಿನಲ್ಲಿ, ಮದುವೆಯಿಲ್ಲದ ಊರಿನಲ್ಲಿ, ಸೆನೆಟರ ಹೆಂಡತಿಯ ಜೀವದ ಗೆಳತಿಯ ಮನೆಯಲ್ಲಿ, ಸಾಲು ಸಾಲು ಪೊಟೀಟ್ಸ. ಓದುವುದಕ್ಕೆ ಇನ್ನೇನು ಬೇಕು? ಕರ್ಟ್ ಲಿಂಡಾಲ್ ಮಾರನೆಯ ದಿನವೇ ಚುನಾವಣಾ ಪ್ರಚಾರದ ಸಮಿತಿ ಕಟ್ಟಿದ. ಪೇಜ್ ಅದಾಗಲೇ ಕಟ್ಟಿದ್ದಳು. ಮೂರನೆಯವನೊಬ್ಬ ಟಿವಿಯಲ್ಲಿ ಕೂತು, "ಇದು ಆ ಮಾತಾಡುವ ಸಮಯವಲ್ಲ" ಎನ್ನುತ್ತ ಆ ಮಾತನ್ನೇ ಆಡಿದ. ಪತ್ರಕರ್ತರು ವಾಷಿಂಗ್ಟನ್ನಿನ ಕಚೇರಿಗೆ ಫೋನಿನ ಮೇಲೆ ಫೋನು ಹಚ್ಚಿದರು. ಕಚೇರಿಯವರು ಎರಡು ದಿನ ಅಂಥದ್ದೇನೂ ಇಲ್ಲವೆಂದರು. ಮೂರನೆಯ ದಿನ ಸುಮ್ಮನಾದರು.

ಪೈಕ್ ಹಿಲ್‌ನಲ್ಲಿ ಯಾರೂ ಬರ್ನಡೀನಳನ್ನು ದೂರಲಿಲ್ಲ. ಅದೇ ಸಂಕಟ. ವೆರಾ ಹೇಳದೆ ಇವಳು ಮಾಡುತ್ತಾಳೆಯೇ, ಸೆನೆಟರ ಮನೆಯವರೇ ಒಪ್ಪಿಸಿದ ಕೆಲಸ ಎಂದು ಊರು ತಿಳಿಯಿತು, ಹೊರಗೆ ಬಾಯಿಬಿಟ್ಟವರು ವಾಷಿಂಗ್ಟನ್ನಿನಲ್ಲಿ ಬೇರೆ ಯಾರೋ ಎಂದುಕೊಂಡಿತು. ಚರ್ಚಿನಲ್ಲಿ ಜನ ಬಂದು ಕೈ ಹಿಡಿದುಕೊಂಡು, "ನಿಮಗೂ ಎಷ್ಟು ಕಷ್ಟ" ಎಂದರು. ಅವಳು ತಲೆಯಾಡಿಸಿದಳು.

ನವೆಂಬರ್ ಮೊದಲ ವಾರ ಎಡ್ ಮರಿನ್ ಅವಳ ಮನೆ ಮುಂದಿನ ಹಿಮ ಎತ್ತಿಹಾಕಲು ಬಂದ. ಪ್ರತಿ ವರ್ಷ ಹೇಳದೆ ಕೇಳದೆ ಬರುತ್ತಿದ್ದ, ಫ್ರಾಂಕನ ನೆನಪಿಗೆ. ಕೆಲಸ ಮುಗಿಸಿ, ಅವಳು ಕೊಟ್ಟ ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತ.

"ಕೇಳಿದ್ಯಾ? ನಮ್ಮ ಮಸೂದೆ ಮುಂದಕ್ಕೆ ಹಾಕಿದ್ರು."

"ಯಾವಾಗಕ್ಕೆ?"

"ಯಾವಾಗಲೋ. ರೂಡಿ ಕುರ್ಚೀಲಿ ಯಾರು ಬಂದು ಕೂರ್ತಾರೋ ನೋಡೋಣ ಅಂದ್ರಂತೆ. ಎರಡು ವಾರ ಬಾಯಿ ಮುಚ್ಕೊಂಡಿದ್ರೆ ಮುಗೀತಿತ್ತು." ಅವನು ಕಾಫಿಯನ್ನು ಊದಿದ. "ಯಾರು ಹೇಳಿದ್ರೋ, ಅವರ ಮನೆ ಹಾಳಾಗ."

ಬರ್ನಡೀನ್ ಅವನ ಬೂಟು ನೋಡುತ್ತ ನಿಂತಳು. ಅಂಟುಪಟ್ಟಿ ಸುತ್ತಿದ ಬೂಟು. ಅವನ ಮುಖ ನೋಡಲು ಅವಳಿಂದಾಗಲಿಲ್ಲ. ಒಳಗೆ ಹೋಗಿ ಒಂದು ಪೊಟೀಟ್ಸ ತಂದುಕೊಡೋಣವೆಂದು ಕಾಲೆತ್ತಿದವಳು, ಏನು ಕೊಡಲು ಹೊರಟಿದ್ದೇನೆಂದು ಹೊಳೆದು ಅಲ್ಲೇ ನಿಂತಳು.

ಆ ವಾರವೇ ವೆರಾಳ ಫೋನು ಬಂತು. ರೂಡಿಯನ್ನು ಊರಿಗೆ ಕರೆತಂದಾಗಿದೆ ಎಂದಳು. ಬರ್ನಡೀನ್ ಎದೆ ಗಟ್ಟಿ ಮಾಡಿಕೊಂಡು ಹೇಳಿಬಿಡಬೇಕೆಂದಿದ್ದಳು. ವೆರಾ ಅವಕಾಶ ಕೊಡಲಿಲ್ಲ.

"ಹೊರಗೆ ಹೇಳಿದ್ದು ನಮ್ಮ ಕಚೇರಿಯವರೇ ಬರ್ನಿ. ಅಲ್ಲಿ ಗೊತ್ತಿದ್ದದ್ದು ಜೋನ್ ಒಬ್ಬಳಿಗೇ. ಹದಿನೆಂಟು ವರ್ಷ ಮಗಳ ಥರ ಇದ್ಲು. ರೂಡಿ ಅವಳನ್ನ ಮನೆಗೆ ಕಳಿಸ್ಬಿಟ್ಟ. ಕಳಿಸಿ ಒಂದು ದಿನ ಪೂರ್ತಿ ಮಾತೇ ಆಡ್ಲಿಲ್ಲ."

"ಜೋನ್ ಅಂಥವಳಲ್ಲ" ಎಂದಳು ಬರ್ನಡೀನ್.

"ನಾನೂ ಹಾಗೇ ಅಂದ್ಕೊಂಡಿದ್ದೆ."

ಫೋನು ಇಟ್ಟಮೇಲೆ ಬರ್ನಡೀನ್ ಅಡುಗೆಮನೆಯ ಕುರ್ಚಿಯಲ್ಲಿ ಬಹಳ ಹೊತ್ತು ಕೂತಿದ್ದಳು. ಫ್ರೀಜರು ಗುಂಯ್‌ಗುಡುತ್ತಿತ್ತು. ನಾಳೆ ಹೇಳುತ್ತೇನೆ ಎಂದುಕೊಂಡಳು. ನಾಳೆಯಾದ ಮೇಲೆ ಇನ್ನೊಂದು ನಾಳೆ. ಹೇಳಿದರೆ ವೆರಾ ಹೋಗುತ್ತಾಳೆ, ಹೇಳದಿದ್ದರೆ ಜೋನ್ ಹೋಗುತ್ತಾಳೆ. ಜೋನ್ ಚಿಕ್ಕವಳು, ಬೇರೆ ಕೆಲಸ ಸಿಗುತ್ತದೆ. ಛೀ, ಹೀಗೂ ಯೋಚಿಸಿದಳು, ಮುಚ್ಚಿಡುವುದೇಕೆ. ವಾರಗಟ್ಟಲೆ ಹಾಗೇ ಯೋಚಿಸಿ ಬದುಕಿದಳು.

ಜೋನ್ ಸವೆಲಾ ಪೈಕ್ ಹಿಲ್‌ನವಳೇ. ತಾಯಿಯ ಮನೆಗೆ ಬಂದಿಳಿದ ದಿನವೇ ಅಂಚೆ ಕಚೇರಿಯಲ್ಲಿ ಎದುರಾದಳು. ಯಾವಾಗಲೂ ಅಚ್ಚುಕಟ್ಟಾಗಿರುತ್ತಿದ್ದ ಹೆಂಗಸು ತಾಯಿಯ ಹಳೆಯ ಕೋಟು ಹಾಕಿಕೊಂಡಿದ್ದಳು. ಸಾಲಿನಲ್ಲಿದ್ದವರು ಅವಳನ್ನು ಕಂಡು ಮಾತು ನಿಲ್ಲಿಸಿದರು. ಜೋನ್ ನೇರವಾಗಿ ಬರ್ನಡೀನಳ ಹತ್ತಿರ ಬಂದಳು.

"ಬರ್ನಡೀನ್ ಆಂಟಿ, ನಾನು ಹೇಳಿಲ್ಲ. ಶಾಲೆಯಲ್ಲಿ ನಿಮ್ಮ ಕೈ ಊಟ ಉಂಡು ಬೆಳೆದೋಳು ನಾನು. ನೀವಾದ್ರೂ ನಂಬ್ತೀರಾ?"

"ನಂಬ್ತೀನಿ ಕಣೇ" ಎಂದಳು ಬರ್ನಡೀನ್. "ನಂಬ್ದೇ ಇರ್ತೀನಾ?"

ಜೋನಳ ಕಣ್ಣು ತುಂಬಿತು. ಅವಳ ಕೈಯನ್ನು ಎರಡೂ ಕೈಯಲ್ಲಿ ಒತ್ತಿ, "ಅಷ್ಟು ಸಾಕು" ಎಂದು ಹೊರಟುಹೋದಳು. ಬರ್ನಡೀನ್ ಸಾಲಿನಲ್ಲಿ ತನ್ನ ಸರದಿ ಬರುವವರೆಗೆ ನಿಂತಳು, ಅಂಚೆಚೀಟಿ ಕೊಂಡಳು, ಎರಡು ಮಾತು ಆಡಿ ಹೊರಗೆ ಬಂದಳು. ಕಾರಿನಲ್ಲಿ ಕೂತ ಮೇಲೆ ಜೋನ್ ಒತ್ತಿದ ಕೈಯನ್ನು ಕೋಟಿಗೆ ಉಜ್ಜಿದಳು, ಮತ್ತೆ ಮತ್ತೆ. ಇಂಥ ಹೇಸಿಗೆ ಕೆಲಸವನ್ನು ತಾನು ಮಾಡಬಲ್ಲೆನೆಂದು ಅರವತ್ತೊಂಬತ್ತು ವರ್ಷ ಅವಳಿಗೆ ಗೊತ್ತಿರಲಿಲ್ಲ. ಮನೆ ಕಡೆ ತಿರುಗಿಸಬೇಕಾದ ಕಾರನ್ನು ಮ್ಲಾಕರ್ ಮನೆ ಕಡೆ ತಿರುಗಿಸಿದಳು.

ರೂಡಿಯನ್ನು ಮುಂದಿನ ಕೋಣೆಯಲ್ಲೇ ಮಲಗಿಸಿದ್ದರು, ಕಿಟಕಿಯಿಂದ ಹಳೆಯ ಗಣಿಯ ಗುಂಡಿ ಕಾಣುವಂತೆ. ಆಜಾನುಬಾಹು ಮನುಷ್ಯ ಹೊದಿಕೆಯೊಳಗೆ ಇದ್ದಾನೋ ಇಲ್ಲವೋ ಅನ್ನುವಷ್ಟಾಗಿದ್ದ. ವೆರಾ ಪಕ್ಕದಲ್ಲಿ ಕೂತು ಸಾರು ಆರಿಸುತ್ತಿದ್ದಳು. ಬರ್ನಡೀನ್ ಕೋಟು ಬಿಚ್ಚಲಿಲ್ಲ.

"ಜೋನ್ ಏನೂ ಮಾಡಿಲ್ಲ. ನನ್ನಿಂದ ಆದದ್ದು" ಎಂದಳು. ಆಮೇಲೆ ಎಲ್ಲ ಹೇಳಿದಳು. ಅಕ್ರೋಟು, ಐಲಿ, ಪೇಜ್, ಫೋಟೋ, ಆ 'ಈ ಸಲ'. ಅಂಚೆ ಕಚೇರಿಯನ್ನೂ ಬಿಡಲಿಲ್ಲ.

ರೂಡಿ ಮೊದಲು ನಕ್ಕ. ನಗು ಕೆಮ್ಮಾಯಿತು. "ಮೂವತ್ತು ವರ್ಷ ವಾಷಿಂಗ್ಟನ್ನಿನಲ್ಲಿ ಎಂಥೆಂಥವರ ಬಾಯಿ ಮುಚ್ಚಿಸ್ದೆ. ನಿನ್ನ ಒಲೆ ಆರಿಸೋದು ಹೊಳೀಲೇ ಇಲ್ಲ ನೋಡು." ಸ್ವಲ್ಪ ತಡೆದು ಕೇಳಿದ, "ಎಷ್ಟು ಮಾಡಿದೀಯ?"

"ನೂರರ ಮೇಲೆ."

"ಅಷ್ಟು ಜನ ಬರ್ತಾರಾ ನನಗೆ?"

ರೂಡಿಯ ಮುಖದಿಂದ ನಗು ಇಳಿಯಿತು. ಕಿಟಕಿಯ ಕಡೆ ತಿರುಗಿ, "ಆ ಒಂದು ಕೆಲಸ ಮುಗಿಸಿ ಹೋಗೋಣ ಅಂತಿದ್ದೆ ಬರ್ನಿ" ಎಂದ. "ಎಡ್‌ಗೆ ಮಾತು ಕೊಟ್ಟಿದ್ದೆ. ವೆರಾ, ಜೋನ್‌ಗೆ ಫೋನ್ ಹಚ್ಚು. ನಾನೇ ಮಾತಾಡ್ತೀನಿ."

ವೆರಾ ಅಲುಗಲಿಲ್ಲ. "ಆ ಫೋಟೋ ತೋರ್ಸು" ಎಂದಳು. ಗಂಡನ ಹಾಸಿಗೆ ಬಿಟ್ಟು ಕದಲದವಳು ಅದನ್ನು ನೋಡಿರಲೇ ಇಲ್ಲ, ಅವಳಿಗೆ ಗೊತ್ತಿದ್ದೇ ಇದೆ ಎಂದು ಊರಲ್ಲಿ ಯಾರೂ ತೋರಿಸಿರಲಿಲ್ಲ. ಬರ್ನಡೀನ್ ಅದನ್ನು ಮೊಬೈಲಿನಲ್ಲಿ ಹುಡುಕಿ ಕೊಟ್ಟಳು. ವೆರಾ ಕನ್ನಡಕ ಹಾಕಿಕೊಂಡು ನೋಡಿದಳು. ಕಪಾಟಿನ ಕಡೆ ಅವಳ ಕಣ್ಣು ಹೋಗಲೇ ಇಲ್ಲ.

"ನನ್ನ ಜಾಗದಲ್ಲಿ ಇವಳನ್ನ ನಿಲ್ಲಿಸ್ಕೊಂಡಿದೀಯ."

"ವೆರಾ..."

"ನನ್ನ ಗಂಡ ಇಲ್ಲಿ ಉಸಿರಾಡ್ತಿದಾನೆ. ನೀನು ಅಲ್ಲಿ ಅವನ ತಿಥಿಗೆ ಹಿಟ್ಟು ಎಳೀತಿದೀಯ, ನಗ್ತಾ." ಮೊಬೈಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟಳು. "ಬೇರೆ ಏಪ್ರನ್ ಹಾಕ್ಕೊಂಡಿದೀಯ. ಒಳ್ಳೇದು." ಸಾರಿನ ಬಟ್ಟಲು ಮತ್ತೆ ಎತ್ತಿಕೊಂಡಳು. "ಇನ್ನು ಬರ್ಬೇಡ ಬರ್ನಡೀನ್."

ಬರ್ನಿ ಎನ್ನಲಿಲ್ಲ. ಅರವತ್ತು ವರ್ಷದಲ್ಲಿ ವೆರಾ ಅವಳ ಪೂರ್ತಿ ಹೆಸರು ಕರೆದದ್ದು ಅದೇ ಮೊದಲು.

ರೂಡಿ ಡಿಸೆಂಬರಿನಲ್ಲಿ ತೀರಿಕೊಂಡ. ಜೋನ್ ಕೊನೆಯವರೆಗೂ ಹಾಸಿಗೆಯ ಪಕ್ಕದಲ್ಲಿದ್ದಳೆಂದು ಊರು ಹೇಳಿತು. ಪಿಂಚಣಿ ಮಸೂದೆ ಮೂಲೆಯಲ್ಲೇ ಉಳಿಯಿತು, ಆದರೆ ಕರ್ಟ್ ಲಿಂಡಾಲ್ ಮತ್ತು ಪೇಜ್ ಹ್ರೊವಾಟ್ ಇಬ್ಬರ ಫಲಕಗಳ ಮೇಲೂ ಅದು ದೊಡ್ಡ ಅಕ್ಷರದಲ್ಲಿ ಬಂತು. ಮ್ಲಾಕರ್ ಅವರ ಕನಸು ನನಸು ಮಾಡುತ್ತೇವೆ ಎಂದು ಇಬ್ಬರೂ ಬರೆಸಿದ್ದರು.

ಪಾದ್ರಿ ಬಂದು ಬರ್ನಡೀನಳಿಗೆ ನೆಲ ನೋಡುತ್ತ ಹೇಳಿದರು. ಊಟದ ವ್ಯವಸ್ಥೆಯನ್ನು ವೆರಾ ಡುಲುತ್‌ನ ಅಡುಗೆ ಗುತ್ತಿಗೆಯವರಿಗೆ ಒಪ್ಪಿಸಿದ್ದಾರಂತೆ. ಚರ್ಚಿನ ಹೆಂಗಸರು ಅಡುಗೆಮನೆಗೆ ಬರಬೇಕಾಗಿಲ್ಲವಂತೆ. ಪೈಕ್ ಹಿಲ್‌ನಲ್ಲಿ ಹಾಗೆ ನಡೆದದ್ದಿಲ್ಲ. ಉಳಿದ ಹೆಂಗಸರು ಅವಮಾನವೆಂದು ಸಿಡಿಮಿಡಿಗೊಂಡರು, ಕಾರಣ ಗೊತ್ತಿದ್ದವಳು ಒಬ್ಬಳೇ ಸುಮ್ಮನಿದ್ದಳು. ಮಣ್ಣಿಗೆ ಹೋಗದೆ ಮನೆಯಲ್ಲೇ ಬಾಗಿಲು ಹಾಕಿಕೊಂಡಿರಬಹುದಿತ್ತು. ಹೋದಳು. ಹೋಗದಿದ್ದರೆ ಅದು ಇನ್ನೊಂದು ಸುಳ್ಳಾಗುತ್ತಿತ್ತು.

ರಾಜ್ಯವೇ ಬಂದಿತ್ತು. ಚರ್ಚಿನ ನೆಲಮಾಳಿಗೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಡುಗೆಮನೆಯ ಕಿಂಡಿಯಲ್ಲಿ ಬಿಳಿ ಅಂಗಿಯ ಅಪರಿಚಿತರು ಓಡಾಡುತ್ತಿದ್ದರು. ಬರ್ನಡೀನ್ ಮೊದಲ ಸಲ ಅತಿಥಿಯ ಹಾಗೆ ಉದ್ದ ಮೇಜಿನ ಕೊನೆಯಲ್ಲಿ ಕೂತಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡು. ಯಾರೋ ಅವಳ ಮುಂದೆ ಕಾಗದದ ತಟ್ಟೆ ಇಟ್ಟರು. ಅದರಲ್ಲಿ ಅಂಗಡಿಯ ಬಿಸ್ಕತ್ತು. ಎದುರಿಗೆ ಎಡ್ ಮರಿನ್ ಒಂದು ಕಚ್ಚಿ, ಉಳಿದದ್ದನ್ನು ತಟ್ಟೆಗೆ ಹಾಕಿದ. ಅವನಿಗೆ ಗೊತ್ತಿತ್ತೋ ಇಲ್ಲವೋ, ಅವಳನ್ನು ನೋಡಲಿಲ್ಲ. ಆಚೆ ಗೋಡೆಯ ಬಳಿ ವೆರಾ ಕರಿ ಬಟ್ಟೆಯಲ್ಲಿ ಕೂತಿದ್ದಳು, ಅವಳ ಕುರ್ಚಿಯ ಹಿಂದೆ ಜೋನ್ ನಿಂತಿದ್ದಳು.

ಅಭ್ಯರ್ಥಿಗಳು ಮೇಜಿನಿಂದ ಮೇಜಿಗೆ ಕೈ ಕುಲುಕುತ್ತ ಬರುತ್ತಿದ್ದರು, ಮೆಲ್ಲಗೆ, ದುಃಖದಿಂದ, ಒಂದು ಮೇಜನ್ನೂ ಬಿಡದೆ. ಪೇಜ್ ಹ್ರೊವಾಟ್ ಬರ್ನಡೀನಳ ಹತ್ತಿರ ಬಗ್ಗಿ ಹೆಗಲ ಮೇಲೆ ಕೈಯಿಟ್ಟಳು. ಎಲ್ಲರಿಗೂ ಕೇಳುವಷ್ಟು ಆತ್ಮೀಯವಾಗಿ ಕೇಳಿದಳು.

"ತೇತಾ, ನಾವು ಮಾಡಿದ ಪೊಟೀಟ್ಸ ಎಲ್ಲಿ? ಅವರಿಗೇ ಅಂತ ಅಲ್ವಾ ಮಾಡಿದ್ದು?"

ಆಚೆ ವೆರಾ ತಲೆ ಎತ್ತಿದಳು.

"ಅವನಿಗೆ ಅಂತ ಮಾಡಿದ್ದಲ್ಲಮ್ಮ" ಎಂದಳು ಬರ್ನಡೀನ್. "ನನಗೇ ಅಂತ ಮಾಡ್ಕೊಂಡಿದ್ದೆ."

ಪೇಜ್ ಹೆಗಲು ತಟ್ಟಿ ಮುಂದಿನ ಮೇಜಿಗೆ ಹೋದಳು. ವೆರಾ ಇನ್ನೂ ನೋಡುತ್ತಲೇ ಇದ್ದಳು. ಬರ್ನಡೀನ್ ತಟ್ಟೆಯ ಬಿಸ್ಕತ್ತು ಎತ್ತಿಕೊಂಡು, ಒಂದು ಚೂರೂ ಬಿಡದೆ ತಿಂದಳು.